ಕೋತಿ ಹಿಂಡಿನ ವಂಶಾವಳಿ ಬರೆಯುವುದು ಹೇಗೆ?

"ನಮ್ಮ ಕಾಲೇಜಿನ ಆವರಣದಲ್ಲಿ ಮೂವತ್ತು ಕೋತಿಗಳ ಹಿಂಡಿದೆ. ಅದರ ಯಜಮಾನ ಯಾರು? ಉಳಿದವೆಲ್ಲ ಅವನ ಹೆಂಡತಿ ಮಕ್ಕಳೇ?" ಓದುಗರಿಂದ ಪದೇಪದೇ ಬರುವ ಪ್ರಶ್ನೆ ಇದು. ಊರು ಬದಲಾಗುತ್ತದೆ, ದೇವಸ್ಥಾನದ ಬೆಟ್ಟವೋ ತೋಟವೋ ಆಗುತ್ತದೆ, ಪ್ರಶ್ನೆ ಮಾತ್ರ ಅದೇ. ಒಂದೇ ಮಾತಿನ ಉತ್ತರ ಬೇಕೆಂದರೆ, ಹಿಂಡು ಗಡವನದಲ್ಲ (ಗಡವ ಎಂದರೆ ಬೆಳೆದ ಗಂಡುಕೋತಿ), ಹೆಣ್ಣುಗಳದು. ದೊಡ್ಡ ಕೋರೆಹಲ್ಲಿನ ಆ ಗಡವ ಬೇರೆ ಹಿಂಡಿನಿಂದ ಬಂದು ಸೇರಿದವನಿರಬಹುದು, ನಾಲ್ಕು ವರ್ಷ ಬಿಟ್ಟು ಬಂದರೆ ಕಾಣದೆಯೂ ಇರಬಹುದು. ಅಜ್ಜಿ, ತಾಯಿ, ಮಗಳು, ಮೊಮ್ಮಗಳು ಮಾತ್ರ ಅದೇ ಮರಗಳಲ್ಲಿ ಇರುತ್ತಾರೆ.

ಯಾರು ಯಾರ ಮಗಳು, ಯಾರಿಗಿಂತ ಯಾರು ಮೇಲು ಎಂದು ನೀವೇ ಬರೆದಿಡಬಹುದು. ಹಣ ಹೆಚ್ಚು ಬೇಕಿಲ್ಲ. ತಾಳ್ಮೆ, ಮತ್ತು ಊಹೆಯನ್ನು ದಾಖಲೆಯಾಗಿ ಬರೆಯದಿರುವ ಶಿಸ್ತು ಬೇಕು. ಇಲ್ಲಿನ ವಿವರ ದಕ್ಷಿಣ ಭಾರತದಲ್ಲಿ ಮಾತ್ರ ಇರುವ ನಮ್ಮ ಸಾಮಾನ್ಯ ಕೋತಿಗೆ, ಅಂದರೆ ನೆತ್ತಿಯ ಸುಳಿಯಿಂದ ಕೂದಲು ಟೋಪಿಯಂತೆ ಹರಡಿರುವ ಬಾನೆಟ್ ಮಕಾಕ್‌ಗೆ ಅನ್ವಯಿಸುತ್ತದೆ. ಮುಸುವ ಮತ್ತು ಸಿಂಗಳೀಕದ ಲೆಕ್ಕ ಬೇರೆ. ಅದನ್ನು ಕೊನೆಯ ಹಂತಗಳಲ್ಲಿ ನೋಡೋಣ.

ಮೊದಲು ಕೆಲವು ಪದಗಳು

ತಾಯಿಬಳ್ಳಿ: ಒಬ್ಬ ಹಿರಿಯ ಹೆಣ್ಣು, ಅವಳ ಹೆಣ್ಣುಮಕ್ಕಳು, ಅವರ ಮಕ್ಕಳು ಸೇರಿದ ವಂಶ. ಒಂದು ಹಿಂಡಿನಲ್ಲಿ ಇಂಥ ಹಲವು ಬಳ್ಳಿಗಳಿರುತ್ತವೆ. ತುಳುನಾಡಿನವರಿಗೆ ಅಳಿಯಸಂತಾನ ನೆನಪಾಗಬಹುದು. ಆದರೆ ಅಲ್ಲಿ ಸೋದರಮಾವನಿಗೆ ದೊಡ್ಡ ಸ್ಥಾನವಿದೆ, ಇಲ್ಲಿ ಸೋದರಮಾವ ಸಾಮಾನ್ಯವಾಗಿ ಹಿಂಡು ಬಿಟ್ಟು ಹೋಗಿರುತ್ತಾನೆ.

ಸ್ಥಾನ: ಎರಡು ಕೋತಿಗಳು ಎದುರಾದಾಗ ಯಾವುದು ದಾರಿ ಬಿಡುತ್ತದೆ ಎಂಬುದರಿಂದ ತಿಳಿಯುವ ಮೇಲು-ಕೀಳು. ಗಾತ್ರಕ್ಕೂ ಸಿಟ್ಟಿಗೂ ಇದಕ್ಕೂ ನೇರ ಸಂಬಂಧವಿಲ್ಲ.

ಎಬ್ಬಿಸುವುದು: ಕುಳಿತಿದ್ದ ಕೋತಿಯ ಬಳಿಗೆ ಇನ್ನೊಂದು ಬಂದಾಗ ಕುಳಿತಿದ್ದದ್ದು ಎದ್ದುಹೋಗಿ, ಬಂದದ್ದು ಆ ಜಾಗ ಹಿಡಿಯುವುದು. ಸ್ಥಾನ ತಿಳಿಯಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಹೇನು ಹೆಕ್ಕುವುದು: ಒಂದು ಇನ್ನೊಂದರ ಕೂದಲು ಬಿಡಿಸಿ ಹೊಟ್ಟು, ಕೊಳೆ, ಉಣುಗು ತೆಗೆಯುವುದು. ಮೈ ಶುಚಿಯ ಜೊತೆಗೆ ಸಂಬಂಧ ಉಳಿಸಿಕೊಳ್ಳುವ ಕೆಲಸವೂ ಹೌದು.

ಏನೇನು ಬೇಕು

8×42 ಅಥವಾ ಅದರ ಆಸುಪಾಸಿನ ಬೈನಾಕ್ಯುಲರ್. ದೂರದಿಂದ ಮುಖ ಸ್ಪಷ್ಟವಾಗಿ ತೆಗೆಯಬಲ್ಲ ಜೂಮ್ ಕ್ಯಾಮೆರಾ. ದಪ್ಪ ರಟ್ಟಿನ ಚಿಕ್ಕ ಪುಸ್ತಕ ಮತ್ತು ಪೆನ್ಸಿಲ್ (ಪೆನ್ನಿನ ಶಾಯಿ ಮಳೆಗೆ ಹರಡುತ್ತದೆ). ಸೆಕೆಂಡು ತೋರಿಸುವ ಕೈಗಡಿಯಾರ. ಮಾಸಲು ಬಣ್ಣದ ಪೂರ್ತಿ ತೋಳಿನ ಅಂಗಿ. ಪ್ಲಾಸ್ಟಿಕ್ ಚೀಲ ಹಿಡಿದು ಹೋಗಬೇಡಿ, ಚೀಲದ ಸದ್ದೆಂದರೆ ಕೋತಿಗೆ ತಿಂಡಿಯ ಸದ್ದು.

ಸಮಯದ ಲೆಕ್ಕ: ಸ್ಥಾನ ತಿಳಿಯಲು ವಾರಕ್ಕೆ ಮೂರು ಬೆಳಗಿನಂತೆ ಮೂರು-ನಾಲ್ಕು ತಿಂಗಳು ಸಾಕು. ವಂಶಾವಳಿಗೆ ಕನಿಷ್ಠ ಎರಡು ಹೆರಿಗೆ ಕಾಲ ಬೇಕು, ಮೂರಾದರೆ ಒಳ್ಳೆಯದು.

ಅನುಮತಿ: ಹಿಂಡು ಅರಣ್ಯ ಪ್ರದೇಶದಲ್ಲಿದ್ದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಂತೆ ಈ ಕೋತಿ ಅತಿ ಹೆಚ್ಚಿನ ರಕ್ಷಣೆಯ ಮೊದಲ ಅನುಸೂಚಿಯಲ್ಲಿದೆ. ಊರೊಳಗಿನ ಹಿಂಡಾದರೂ ಹಿಡಿಯುವುದು, ಬಣ್ಣ ಹಚ್ಚುವುದು, ಪಟ್ಟಿ ಕಟ್ಟುವುದು ಅಪರಾಧ. ಗುರುತಿಗಾಗಿ ಬಣ್ಣ ಎರಚುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ.

ಹಂತ 1: ಹಿಂಡನ್ನು ಆರಿಸಿ

ಇಪ್ಪತ್ತರಿಂದ ನಲವತ್ತು ಸಂಖ್ಯೆಯ, ಮನುಷ್ಯರನ್ನು ಕಂಡು ಓಡದ, ಆದರೆ ಮನುಷ್ಯರ ಕೈಯಿಂದ ಕಿತ್ತು ತಿನ್ನದ ಹಿಂಡು ಒಳ್ಳೆಯದು. ಆಲ, ಅತ್ತಿ, ಗೋಣಿ, ಬಸರಿ ಮರಗಳ ಸಾಲಿರುವ ಹಳೆಯ ರಸ್ತೆ, ಕೆರೆ ಏರಿ, ದೊಡ್ಡ ಆವರಣಗಳಲ್ಲಿ ಹುಡುಕಿ. ಸಾಲುಮರ ಉಳಿದಿರುವ ರಸ್ತೆ ಸಿಕ್ಕರೆ ಅದೃಷ್ಟ. ಮೈಸೂರು ಸುತ್ತಲಿನ ರಸ್ತೆಬದಿಯ ಹಿಂಡುಗಳು ದಶಕಗಳಲ್ಲಿ ಬಹಳ ಕಡಿಮೆಯಾಗಿರುವುದನ್ನು ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಸಂಗಡಿಗರು ದಾಖಲಿಸಿದ್ದಾರೆ.

ಮೊದಲ ಕೆಲಸ ಮಲಗುವ ಮರ ಪತ್ತೆ ಮಾಡುವುದು. ಸಂಜೆ ಹಿಂಡಿನ ಹಿಂದೆಯೇ ಹೋಗಿ. ಕತ್ತಲಾಗುವ ಮುನ್ನ ಅವು ಎತ್ತರದ ಮರ ಏರಿ, ಎರಡು-ಮೂರರ ಗುಂಪಾಗಿ ತಬ್ಬಿ ಕೂರುತ್ತವೆ. ಮರುದಿನ ಬೆಳಕು ಹರಿಯುವ ಮೊದಲೇ ಆ ಮರದ ಕೆಳಗಿರಿ. ಮಧ್ಯಾಹ್ನ ಹಿಂಡು ಚದುರಿದ ಮೇಲೆ ಹುಡುಕುತ್ತ ಅಲೆಯುವುದರಲ್ಲೇ ಎಷ್ಟೋ ಜನರ ಉತ್ಸಾಹ ಮುಗಿದುಹೋಗುತ್ತದೆ.

ತಿಂಡಿ ಹಾಕಿ ಹತ್ತಿರ ಕರೆಯಬೇಡಿ. ಒಂದು ಬಾಳೆಹಣ್ಣು ಎಸೆದ ಕ್ಷಣಕ್ಕೇ ಹಿಂಡಿನ ನಡವಳಿಕೆ ಬದಲಾಗುತ್ತದೆ. ಜಗಳ ಹೆಚ್ಚುತ್ತದೆ, ಕೆಳಸ್ಥಾನದ ಹೆಣ್ಣುಗಳು ದೂರ ಸರಿಯುತ್ತವೆ, ನೀವು ಬರೆದುಕೊಳ್ಳುವುದು ಬಾಳೆಹಣ್ಣಿನ ಸಮಾಜಶಾಸ್ತ್ರವಾಗುತ್ತದೆ.

ಹಂತ 2: ನಿಮ್ಮನ್ನು ಒಪ್ಪಿಕೊಳ್ಳುವವರೆಗೆ ಸುಮ್ಮನಿರಿ

ಮೊದಲ ಎರಡು ವಾರ ಏನನ್ನೂ ಅಳೆಯಬೇಡಿ. ಕನಿಷ್ಠ 10 ಮೀಟರ್ ದೂರದಲ್ಲಿ, ಅವು ಹೋಗುವ ದಾರಿಗೆ ಅಡ್ಡವಾಗದಂತೆ ಕೂತಿರಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಅವುಗಳ ಭಾಷೆಯಲ್ಲಿ ಅದು ಬೆದರಿಕೆ. ನಗುವಾಗಲೂ ಹಲ್ಲು ತೋರಿಸಬೇಡಿ. ತಾಯಿಗೂ ಮರಿಗೂ ನಡುವೆ ಎಂದೂ ನಿಲ್ಲಬೇಡಿ. ಮರಿ ಒಮ್ಮೆ ಕಿರುಚಿದರೆ ಅದರ ಬಳ್ಳಿಯ ಹೆಣ್ಣುಗಳಷ್ಟೇ ಅಲ್ಲ, ಗಡವರೂ ನಿಮ್ಮ ಮೇಲೆ ಬರುತ್ತವೆ.

ಹಂತ 3: ಒಂದೊಂದು ಮುಖವನ್ನೂ ಗುರುತಿಸಿ

ಇಡೀ ಕೆಲಸ ನಿಂತಿರುವುದು ಈ ಹಂತದ ಮೇಲೆ. ಇಲ್ಲಿ ತಪ್ಪಿದರೆ ಮುಂದಿನ ಎಲ್ಲ ಪುಟವೂ ಸುಳ್ಳು. ಹಾಗಾಗಿ ನಿಧಾನಿಸಿ.

ವಯಸ್ಸಿಗೆ ಬಂದ ಹೆಣ್ಣುಗಳಿಂದ ಶುರುಮಾಡಿ. ಅವು ಎಲ್ಲಿಗೂ ಹೋಗುವುದಿಲ್ಲ, ಇವತ್ತು ಕಲಿತ ಮುಖ ಮೂರು ವರ್ಷ ಬಿಟ್ಟೂ ಉಪಯೋಗಕ್ಕೆ ಬರುತ್ತದೆ. ನೋಡಬೇಕಾದದ್ದನ್ನು ಮೇಲಿನಿಂದ ಕೆಳಕ್ಕೆ ನೋಡಿ. ನೆತ್ತಿಯ ಕೂದಲು ನಡುವೆ ಬೈತಲೆ ತೆಗೆದಂತಿದೆಯೇ, ಒಂದು ಕಡೆಗೆ ವಾಲಿದೆಯೇ? ಮುಖ ಬಿಳಿಚಿದೆಯೇ, ಕೆಂಪೇ, ಕೆಂಪು ಎಲ್ಲಿಯವರೆಗೆ ಹರಡಿದೆ? ಕಿವಿಯ ಅಂಚಿನಲ್ಲಿ ಹರಕು ಇದೆಯೇ, ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಎಷ್ಟು ಗಂಟೆಯ ಜಾಗದಲ್ಲಿ? ತುಟಿ ಸೀಳಿದೆಯೇ? ಬೆರಳು ಮುರಿದಿದೆಯೇ, ಇಲ್ಲವೇ? ಬಾಲದ ತುದಿ ಮೊಂಡೇ, ನಡುವೆ ಗಂಟಿದೆಯೇ? ಹೆತ್ತ ಹೆಣ್ಣುಗಳ ಮೊಲೆತೊಟ್ಟು ಉದ್ದವಾಗಿ ಜೋತಿರುತ್ತದೆ, ಎರಡೂ ಒಂದೇ ಉದ್ದ ಇರುವುದಿಲ್ಲ. ಎಡದ್ದು ಉದ್ದವೇ ಬಲದ್ದೇ ಎಂಬುದು ಬಹಳ ನಂಬಬಹುದಾದ ಗುರುತು.

ಪ್ರತಿ ಕೋತಿಗೂ ಒಂದು ಕಾರ್ಡು ಮಾಡಿ. ಎದುರು ಮುಖ, ಎಡ ಕಿವಿ, ಬಲ ಕಿವಿ, ಬಾಲ, ಹೀಗೆ ನಾಲ್ಕು ಫೋಟೊ. ಕೆಳಗೆ ಒಂದಕ್ಕೊಂದು ಸಂಬಂಧವಿಲ್ಲದ ಕನಿಷ್ಠ ಮೂರು ಗುರುತು. ಹೆಸರು ಗುರುತಿನಿಂದಲೇ ಬರಲಿ: ಹರಕಿ, ಕೆಂಪಿ, ಮೊಂಡಿ. ರಾಣಿ, ಸಾಧ್ವಿ, ಜಗಳಗಂಟಿ ಎಂದು ಸ್ವಭಾವದ ಹೆಸರಿಟ್ಟರೆ ಮುಂದೆ ನೀವು ಆ ಹೆಸರಿಗೆ ತಕ್ಕಂತೆಯೇ ನೋಡತೊಡಗುತ್ತೀರಿ.

ಎಡವುವುದು ಎಲ್ಲಿ? ಹಸಿ ಗಾಯವನ್ನು ಗುರುತೆಂದು ಬರೆದರೆ ತಿಂಗಳಲ್ಲಿ ಮಾಸುತ್ತದೆ. ಮಳೆಯಲ್ಲಿ ನೆನೆದ ಕೋತಿ ಬೇರೆಯದೇ ಪ್ರಾಣಿಯಂತೆ ಕಾಣುತ್ತದೆ. ಮುಖದ ಕೆಂಪು ಕಾಲಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆ, ಅದೊಂದನ್ನೇ ನಂಬಬೇಡಿ. ಸಂಗಡಿಗರಿದ್ದರೆ ಪರೀಕ್ಷೆ ಸುಲಭ: ಒಂದೇ ಹೊತ್ತಿನಲ್ಲಿ ಒಂದೇ ಕೋತಿಯನ್ನು ನೋಡಿ ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಹೆಸರು ಬರೆಯಿರಿ. ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ತಾಳೆಯಾಗುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 4: ತಲೆ ಎಣಿಸಿ

ಹಿಂಡು ರಸ್ತೆ ದಾಟುವಾಗ, ಅಥವಾ ಒಂದು ಮರದಿಂದ ಇನ್ನೊಂದಕ್ಕೆ ಒಂದೇ ಕೊಂಬೆಯ ಮೂಲಕ ಹೋಗುವಾಗ ಎಣಿಸಿ. ಐದು ವಿಂಗಡಣೆ ಸಾಕು: ವರ್ಷ ತುಂಬದ ಮರಿ, ಆಟದ ವಯಸ್ಸಿನವು, ಪಡ್ಡೆ ಗಂಡು (ವೃಷಣ ಇಳಿದಿದೆ, ಮೈ ತುಂಬಿಲ್ಲ), ದೊಡ್ಡ ಹೆಣ್ಣು, ಗಡವ. ಮೂರು ಬೇರೆ ದಿನದ ಎಣಿಕೆ ಹೊಂದಿದರೆ ಅದೇ ನಿಮ್ಮ ಸಂಖ್ಯೆ.

ಹಂತ 5: ಹೆರಿಗೆಯ ದಾಖಲೆ ಪುಸ್ತಕ

ಕಾಡಿನ ಕೋತಿಗಳ ರಕ್ತಸಂಬಂಧವನ್ನು ಕಣ್ಣಿನಿಂದ ಖಚಿತವಾಗಿ ತಿಳಿಯಲು ಇರುವುದು ಒಂದೇ ದಾರಿ. ಮರಿ ಯಾರ ಮೊಲೆ ಕುಡಿಯುತ್ತದೆ ಎಂದು ನೋಡಿ ಬರೆಯುವುದು. ಉಳಿದದ್ದೆಲ್ಲ ಊಹೆ.

ನಮ್ಮಲ್ಲಿ ಹೆಚ್ಚಿನ ಮರಿಗಳು ಹುಟ್ಟುವುದು ಬೇಸಿಗೆಯ ಹೊಸ್ತಿಲಲ್ಲಿ. ಗರ್ಭದ ಅವಧಿ ಸುಮಾರು ಐದೂವರೆ ತಿಂಗಳು. ಆ ಕಾಲದಲ್ಲಿ ಎರಡು ದಿನಕ್ಕೊಮ್ಮೆಯಾದರೂ ಹಿಂಡನ್ನು ನೋಡಿ. ಹೊಸ ಮರಿಯ ಮೈಕೂದಲು ಕಪ್ಪಗೆ, ಮುಖ ಸುಕ್ಕುಗಟ್ಟಿ ತೆಳು ಗುಲಾಬಿ. ತಿಂಗಳು ಕಳೆದಂತೆ ಕೂದಲು ಕಂದಾಗುತ್ತದೆ. ಪುಸ್ತಕದಲ್ಲಿ ಬರೆಯಬೇಕಾದದ್ದು: ಮರಿಯಿಲ್ಲದೆ ತಾಯಿಯನ್ನು ಕೊನೆಗೆ ನೋಡಿದ ದಿನ, ಮರಿಯೊಂದಿಗೆ ಮೊದಲು ನೋಡಿದ ದಿನ, ಗಂಡೋ ಹೆಣ್ಣೋ, ಮೊಲೆ ಕುಡಿದದ್ದನ್ನು ನೋಡಿದ ಮೂರು ಬೇರೆ ದಿನಾಂಕ.

ಮೂರು ದಿನಾಂಕ ಏಕೆಂದರೆ, ಹಿಂಡಿನ ಬೇರೆ ಹೆಣ್ಣುಗಳೂ ಮರಿ ಎತ್ತಿಕೊಳ್ಳುತ್ತವೆ. ಇನ್ನೂ ಹೆರದ ಎಳೆ ಹೆಣ್ಣುಗಳಿಗಂತೂ ಹೊಸ ಮರಿಯೆಂದರೆ ಆಸೆ. ಮೆಲ್ಲಗೆ ತಾಯಿಯ ಪಕ್ಕ ಕೂತು, ತುಟಿ ಚಪ್ಪರಿಸುತ್ತ, ಹೇನು ಹೆಕ್ಕುವ ನೆವದಲ್ಲಿ ಮರಿಯ ಕಾಲು ಎಳೆದುಕೊಳ್ಳುತ್ತವೆ. ಗಡವನ ಹೊಟ್ಟೆಗೆ ಅಂಟಿದ ಮರಿಯನ್ನೂ ನೀವು ನೋಡಬಹುದು. ಎತ್ತಿಕೊಂಡವರೆಲ್ಲ ತಾಯಿಯಲ್ಲ, ಹಾಲು ಕೊಟ್ಟವಳನ್ನೇ ಬರೆಯಿರಿ.

ನೀವು ಬರುವ ಮೊದಲೇ ಹುಟ್ಟಿದ್ದ ಒಂದೆರಡು ವರ್ಷದ ಮರಿಗಳ ಪಾಡೇನು? ಮೂರು ಸುಳಿವು ನೋಡಿ. ನಾಯಿ ಬೊಗಳಿದಾಗ ಯಾರ ಬಳಿಗೆ ಓಡುತ್ತದೆ? ರಾತ್ರಿ ಯಾರನ್ನು ತಬ್ಬಿ ಮಲಗುತ್ತದೆ? ಅದು ಕಿರುಚಿದಾಗ ಯಾರು ಮೊದಲು ಬರುತ್ತಾರೆ? ಮೂರಕ್ಕೂ ಒಂದೇ ಉತ್ತರ ಹಲವು ದಿನ ಬಂದರೆ 'ಬಹುಶಃ' ಎಂದು ಗುರುತಿಸಿ. ದೊಡ್ಡ ಹೆಣ್ಣುಗಳ ನಡುವಿನ ಸಂಬಂಧ ಮಾತ್ರ, ನೀವು ಅವುಗಳ ಹುಟ್ಟು ನೋಡದಿದ್ದರೆ, ಖಾಲಿ ಬಿಡಿ. ಮುಖದ ಹೋಲಿಕೆ ನೋಡಿ ಅಕ್ಕತಂಗಿ ಎಂದು ಬರೆಯುವ ಆಸೆ ಎಲ್ಲರಿಗೂ ಆಗುತ್ತದೆ. ಬರೆಯಬೇಡಿ.

ತಂದೆ? ನೋಡಿ ಹೇಳಲು ಆಗದು. ಒಂದು ಹೆಣ್ಣು ಹಲವು ಗಂಡುಗಳನ್ನು ಕೂಡುತ್ತದೆ. ಲದ್ದಿಯಿಂದ ಡಿಎನ್‌ಎ ತೆಗೆದು ಹೋಲಿಸುವ ಪ್ರಯೋಗಾಲಯವಿದ್ದರೆ ಮಾತ್ರ ಸಾಧ್ಯ, ಅದಕ್ಕೆ ಪ್ರತ್ಯೇಕ ಅನುಮತಿಯೂ ಬೇಕು. ತಂದೆಯ ಕಾಲಂ ಖಾಲಿಯಿರಲಿ.

ಹಂತ 6: ಸ್ಥಾನದ ಕೋಷ್ಟಕ

ಕಚ್ಚಾಟ ಕಾಯುತ್ತ ಕೂರಬೇಡಿ. ಸ್ಥಾನ ಕಾಣುವುದು ಸದ್ದಿಲ್ಲದ ಗಳಿಗೆಗಳಲ್ಲಿ. ಅತ್ತಿ ಮರದ ಹಣ್ಣು ತುಂಬಿದ ಕೊಂಬೆಯಲ್ಲಿ ಮೊಂಡಿ ಕೂತಿದ್ದಾಳೆ ಎನ್ನಿ. ಎರಡು ಕೆನ್ನೆಚೀಲವೂ ಉಬ್ಬಿವೆ, ಮೂರನೆಯ ಹಣ್ಣಿಗೆ ಕೈ ಚಾಚಿದ್ದಾಳೆ. ಬುಡದ ಕಡೆಯಿಂದ ಕೆಂಪಿ ನಡೆದು ಬರುತ್ತಾಳೆ. ಬಾಯಿ ತೆರೆದಿಲ್ಲ, ಹುಬ್ಬು ಎತ್ತಿಲ್ಲ, ಮೊಂಡಿಯ ಕಡೆ ನೋಡಿಯೂ ಇಲ್ಲ. ಮೊಂಡಿಯ ಚಾಚಿದ ಕೈ ಅರ್ಧಕ್ಕೆ ನಿಲ್ಲುತ್ತದೆ. ತಲೆ ಒಂದು ಕಡೆ ತಿರುಗಿಸಿ, ತುಟಿ ಹಿಂದಕ್ಕೆಳೆದು ಹಲ್ಲು ಕಿಸಿದು, ಪಕ್ಕದ ಕೊಂಬೆಗೆ ಇಳಿದುಬಿಡುತ್ತಾಳೆ. ಕೆಂಪಿ ಅದೇ ಜಾಗದಲ್ಲಿ ಕೂತು ಅದೇ ಹಣ್ಣು ಕೀಳುತ್ತಾಳೆ. ಎಲ್ಲ ಸೇರಿ ನಾಲ್ಕು ಸೆಕೆಂಡು. ನೀವು ಬರೆಯಬೇಕಾದ್ದು ಇಷ್ಟೇ: "6.52, ಕೆಂಪಿ ಮೊಂಡಿಯನ್ನು ಎಬ್ಬಿಸಿದಳು, ಅತ್ತಿ."

ಹಲ್ಲು ಕಿಸಿಯುವುದನ್ನು ಜನ ನಗು ಎಂದೋ ಸಿಟ್ಟು ಎಂದೋ ತಿಳಿಯುತ್ತಾರೆ. ಅದು "ನಾನು ನಿನಗಿಂತ ಕೆಳಗೆ, ನನ್ನನ್ನು ಬಿಡು" ಎಂಬ ಮಾತು. ಬೆದರಿಕೆಯ ಮುಖ ಬೇರೆ: ಬಾಯಿ ದುಂಡಗೆ ತೆರೆದು, ಹುಬ್ಬು ಮೇಲೇರಿಸಿ, ನೆಟ್ಟ ನೋಟ. ತುಟಿ ಚಪ್ಪರಿಸುವುದು ಸ್ನೇಹದ ಸೂಚನೆ.

ಈಗ ಕೋಷ್ಟಕ. ಹೆಣ್ಣುಗಳ ಹೆಸರನ್ನು ಎಡಗಡೆ ಮೇಲಿನಿಂದ ಕೆಳಕ್ಕೆ ಬರೆಯಿರಿ, ಇವರು ಗೆದ್ದವರು. ಅದೇ ಕ್ರಮದಲ್ಲಿ ಮೇಲ್ಗಡೆ ಅಡ್ಡಲಾಗಿ ಬರೆಯಿರಿ, ಇವರು ಜಾಗ ಬಿಟ್ಟವರು. ಪ್ರತಿ ಘಟನೆಗೂ ಸಂಬಂಧಿಸಿದ ಚೌಕದಲ್ಲಿ ಒಂದು ಗೀಟು. ಒಂದೊಂದು ಜೋಡಿಗೂ ಐದಾರು ಗೀಟು ಬರುವವರೆಗೆ ಮುಂದುವರಿಸಿ. 8 ಹೆಣ್ಣುಗಳಿದ್ದರೆ 28 ಜೋಡಿ, 10 ಇದ್ದರೆ 45. ಬಳಿಕ ಹೆಸರುಗಳ ಕ್ರಮವನ್ನು ಅದಲು ಬದಲು ಮಾಡುತ್ತ ಹೋಗಿ. ಎಡ ಮೇಲ್ಮೂಲೆಯಿಂದ ಬಲ ಕೆಳಮೂಲೆಗೆ ಎಳೆದ ಕರ್ಣರೇಖೆಯ ಮೇಲ್ಭಾಗದಲ್ಲಿ ಬಹುತೇಕ ಎಲ್ಲ ಗೀಟುಗಳೂ ಬಿದ್ದಾಗ ಸ್ಥಾನದ ಕ್ರಮ ಸಿಕ್ಕಿತು. ರೇಖೆಯ ಕೆಳಗೆ ಉಳಿದ ಗೀಟುಗಳನ್ನು ಅಳಿಸಬೇಡಿ. ಒಂದೆರಡಾದರೆ ಗುರುತಿನ ತಪ್ಪು ಇರಬಹುದು, ಮೂಲ ಟಿಪ್ಪಣಿ ತೆಗೆದು ನೋಡಿ. ಒಂದೇ ಜೋಡಿಯಲ್ಲಿ ಇತ್ತೀಚೆಗೆ ಹೆಚ್ಚುತ್ತಿದ್ದರೆ ಸ್ಥಾನ ನಿಜವಾಗಿಯೂ ಬದಲಾಗುತ್ತಿದೆ.

ಇಲ್ಲಿ ಆಗುವ ತಪ್ಪುಗಳು ಹಲವು. ಹೆಣ್ಣು-ಗಂಡುಗಳನ್ನು ಒಂದೇ ಕೋಷ್ಟಕಕ್ಕೆ ಹಾಕುವುದು. ಐದು ನಿಮಿಷದ ಒಂದೇ ಜಗಳವನ್ನು ಏಳು ಗೀಟಾಗಿ ಎಣಿಸುವುದು (ಇಬ್ಬರೂ ಬೇರೆಯಾಗಿ ಐದು ನಿಮಿಷ ಕಳೆದ ಮೇಲಷ್ಟೇ ಹೊಸ ಘಟನೆ). ಮೂರನೆಯವಳು ಸಹಾಯಕ್ಕೆ ಬಂದ ಜಗಳವನ್ನು ಇಬ್ಬರ ಲೆಕ್ಕಕ್ಕೆ ಸೇರಿಸುವುದು. ಈ ಕೊನೆಯದನ್ನು ಬೇರೆ ಹಾಳೆಯಲ್ಲಿ ಬರೆಯಿರಿ, ಅದು ಚಿನ್ನದಂಥ ಮಾಹಿತಿ. ಎರಡು ವರ್ಷದ ಎಳೆ ಹೆಣ್ಣೊಂದು ತನಗಿಂತ ಎರಡು ಪಟ್ಟು ತೂಕದ ಹೆಣ್ಣನ್ನು ಎಬ್ಬಿಸುವುದನ್ನು ನೋಡುತ್ತೀರಿ. ಸುತ್ತ ಕಣ್ಣಾಡಿಸಿದರೆ ಅದರ ತಾಯಿ ಹತ್ತು ಮೀಟರ್ ಒಳಗೇ ಇರುತ್ತಾಳೆ. ತಾಯಿ ಇಲ್ಲದಾಗಲೂ ಹಾಗೆಯೇ ನಡೆದರೆ ಮಗಳ ಸ್ಥಾನ ಗಟ್ಟಿಯಾಗಿದೆ ಎಂದರ್ಥ. ಅದಕ್ಕಾಗಿ ಪ್ರತಿ ಗೀಟಿನ ಜೊತೆ "ತಾಯಿ ಹತ್ತಿರ" ಅಥವಾ "ದೂರ" ಎಂದು ಬರೆಯುವುದು ರೂಢಿಯಾಗಲಿ.

ಹಂತ 7: ಯಾರ ಜೊತೆ ಯಾರು

ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆಯುತ್ತ ಹೋದರೆ ಗದ್ದಲ ಮಾಡುವ ಕೋತಿಗಳೇ ಪುಟ ತುಂಬುತ್ತವೆ, ಮೂಲೆಯಲ್ಲಿ ಕೂತವು ಇಲ್ಲವಾಗುತ್ತವೆ. ಈ ದೋಷ ತಪ್ಪಿಸುವ ವಿಧಾನಗಳನ್ನು ಪ್ರಾಣಿ ನಡವಳಿಕೆಯ ವಿಜ್ಞಾನಿ ಜೀನ್ ಆಲ್ಟ್‌ಮನ್ 1974ರಲ್ಲಿ ಕ್ರಮಬದ್ಧವಾಗಿ ವಿವರಿಸಿದರು. ಜಗತ್ತಿನಾದ್ಯಂತ ಇಂದಿಗೂ ಬಳಕೆಯಲ್ಲಿರುವುದು ಅವೇ. ನಿಮಗೆ ಎರಡು ಸಾಕು.

ಒಂದು, ಒಬ್ಬಳ ಮೇಲೇ ಕಣ್ಣು. ಹೆಸರಿನ ಚೀಟಿ ಎತ್ತಿ, ಬಂದವಳನ್ನು 10 ನಿಮಿಷ ಬಿಡದೆ ನೋಡಿ. ಯಾರು ಹತ್ತಿರ ಬಂದರು, ಯಾರು ಹೋದರು, ಯಾರು ಯಾರ ಹೇನು ಹೆಕ್ಕಿದರು, ಎಷ್ಟು ಸೆಕೆಂಡು, ಎಲ್ಲ ಬರೆಯಿರಿ. ಹತ್ತು ಹೆಣ್ಣುಗಳಿಗೆ ಒಂದು ಸುತ್ತು ಎಂದರೆ 100 ನಿಮಿಷ. ಚೀಟಿ ಎತ್ತದೆ ನಿಮಗಿಷ್ಟವಾದವಳಿಂದ ಶುರುಮಾಡಿದರೆ ಅವಳು ಯಾವಾಗಲೂ ಬೆಳಗಿನ ಹೊತ್ತಿಗೇ ಬರುತ್ತಾಳೆ, ಲೆಕ್ಕ ವಾಲುತ್ತದೆ.

ಎರಡು, ಪ್ರತಿ 15 ನಿಮಿಷಕ್ಕೆ ಹಿಂಡಿನ ಮೇಲೆ ಎಡದಿಂದ ಬಲಕ್ಕೆ ಒಮ್ಮೆ ಕಣ್ಣು ಹಾಯಿಸಿ, ಪ್ರತಿಯೊಂದರ 1 ಮೀಟರ್ ಒಳಗೆ ಯಾರಿದ್ದಾರೆ ಎಂದು ಬರೆಯುವುದು. ಲೆಕ್ಕ ಸುಲಭ. ಹರಕಿ ಮತ್ತು ಕೆಂಪಿಯಲ್ಲಿ ಒಬ್ಬಳಾದರೂ ಕಂಡದ್ದು 80 ಸಲ, ಇಬ್ಬರೂ ಜೊತೆಗಿದ್ದದ್ದು 20 ಸಲ ಎಂದಾದರೆ 20ನ್ನು 80ರಿಂದ ಭಾಗಿಸಿ: 0.25. ಎಲ್ಲ ಜೋಡಿಗಳ ಸರಾಸರಿಗಿಂತ ಇದು ಎಷ್ಟು ಹೆಚ್ಚು ಎಂಬುದು ಮುಖ್ಯ, ಅಂಕಿಯೊಂದಕ್ಕೇ ಅರ್ಥವಿಲ್ಲ.

ಈ ಹಂತದ ದೊಡ್ಡ ತಪ್ಪನ್ನು ಒತ್ತಿ ಹೇಳಬೇಕು. ಹೇನು ಹೆಕ್ಕುವವರೆಲ್ಲ ನೆಂಟರಲ್ಲ. ತಾಯಿಬಳ್ಳಿಯೊಳಗೆ ಹೆಕ್ಕುವುದು ಹೆಚ್ಚು ಎಂಬುದು ನಿಜ. ಆದರೆ ಕೆಳಸ್ಥಾನದ ಹೆಣ್ಣು ಮೇಲಿನವಳ ಒಲವಿಗಾಗಿಯೂ ಹೆಕ್ಕುತ್ತಾಳೆ. 1977ರಲ್ಲಿ ಕೋತಿಗಳ ಅಧ್ಯಯನಕಾರ ರಾಬರ್ಟ್ ಸೇಫರ್ತ್ ಮುಂದಿಟ್ಟ ವಿವರಣೆ ಇದನ್ನೇ ಹೇಳುತ್ತದೆ. ಹೊಸ ಮರಿಯ ತಾಯಿಗಂತೂ ಸರದಿ ಸಾಲೇ ನಿಲ್ಲುತ್ತದೆ. ಹೆಕ್ಕಿದ್ದು ಎರಡೂ ಕಡೆಯಿಂದ ಸರಿಸುಮಾರು ಸಮವೇ, ಒಂದೇ ಕಡೆಯದೇ ಎಂದು ಬಿಡಿಸಿ ನೋಡಿ. ಈ ಹಾಳೆಯಿಂದ ವಂಶಾವಳಿಗೆ ಒಂದು ಗೆರೆಯನ್ನೂ ಎಳೆಯಬೇಡಿ. ವಂಶಾವಳಿ ಬರೆದಾದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ.

ಹಂತ 8: ವಂಶಾವಳಿ ಬಿಡಿಸಿ

ಹೆಣ್ಣಿಗೆ ವೃತ್ತ, ಗಂಡಿಗೆ ತ್ರಿಕೋನ. ಮೊಲೆ ಕುಡಿದದ್ದನ್ನು ನೋಡಿದ ಸಂಬಂಧಕ್ಕೆ ಗಟ್ಟಿ ಗೆರೆ, 'ಬಹುಶಃ' ಇದ್ದದ್ದಕ್ಕೆ ಚುಕ್ಕಿ ಗೆರೆ. ಸತ್ತವರಿಗೆ ಅಡ್ಡಗೀಟು, ಹಿಂಡು ಬಿಟ್ಟವರಿಗೆ ಬಾಣದ ಗುರುತು ಮತ್ತು ದಿನಾಂಕ. ಅತಿ ಮೇಲಿನ ಸ್ಥಾನದ ಬಳ್ಳಿ ಎಡತುದಿಯಲ್ಲಿ, ಕೆಳಗಿನದು ಬಲತುದಿಯಲ್ಲಿ.

ಹೀಗೆ ಜೋಡಿಸಿದಾಗ ಮಗಳ ಸ್ಥಾನ ತಾಯಿಯ ಸ್ಥಾನದ ಆಸುಪಾಸಿನಲ್ಲೇ ಇರುವುದು ಕಾಣಬೇಕು. ಜಪಾನಿನ ಕೋತಿಗಳಲ್ಲಿ ಇದನ್ನು 1958ರಲ್ಲಿ ವಿವರಿಸಿದ ಕವಾಮುರ ಇನ್ನೊಂದು ನಿಯಮವನ್ನೂ ಕಂಡರು. ಅಕ್ಕತಂಗಿಯರಲ್ಲಿ ಕಿರಿಯಳೇ ಮೇಲು. ತಾಯಿ ಜಗಳದಲ್ಲಿ ಎಳೆಯ ಮಗಳ ಪರ ನಿಲ್ಲುವುದರಿಂದ, ಅವಳು ಬೆಳೆದಂತೆ ಅಕ್ಕನನ್ನು ದಾಟುತ್ತಾಳೆ ಎಂಬುದು ಸಾಮಾನ್ಯ ವಿವರಣೆ. ಭಾರತದಿಂದ ಒಯ್ದ ರೀಸಸ್ ಕೋತಿಗಳನ್ನು 1938ರಲ್ಲಿ ಬಿಟ್ಟ ಪೋರ್ಟೊರಿಕೊದ ಕಾಯೊ ಸಾಂಟಿಯಾಗೊ ದ್ವೀಪದಲ್ಲೂ ಇಂಥದೇ ಕ್ರಮ ಕಂಡಿದೆ. ನಮ್ಮ ಕೋತಿಯ ಸ್ವಭಾವ ಅವೆರಡಕ್ಕಿಂತ ಸಡಿಲ. ಹಾಗಾಗಿ ಕಿರಿಯಳ ನಿಯಮವನ್ನು ಮೊದಲೇ ನಂಬಿ ಕೋಷ್ಟಕ ತಿದ್ದಬೇಡಿ, ನಿಮ್ಮ ಹಿಂಡಿನಲ್ಲಿ ಕಂಡದ್ದನ್ನೇ ಬರೆಯಿರಿ.

ರಕ್ತಸಂಬಂಧದ ಅಳತೆಯನ್ನೂ ಹಾಕಬಹುದು. ಒಂದೇ ಮೂಲದಿಂದ ಬಂದ ವಂಶವಾಹಿ ಇಬ್ಬರಲ್ಲಿ ಹಂಚಿಕೆಯಾಗಿರುವ ಸರಾಸರಿ ಪಾಲು ಅದು. ತಾಯಿ-ಮಗಳು 0.5. ಅಜ್ಜಿ-ಮೊಮ್ಮಗಳು 0.25. ಒಂದೇ ತಾಯಿಯ ಮಕ್ಕಳನ್ನು, ತಂದೆ ಬೇರೆ ಎಂದು ಎಣಿಸಿ, 0.25 ಎಂದೇ ಹಾಕಿ, 0.5 ಎಂದು ಹಾಕುವುದು ಹೊಸಬರ ತಪ್ಪು, ಅದು ತಂದೆಯೂ ಒಬ್ಬನೇ ಆಗಿದ್ದರೆ ಮಾತ್ರ. ಅದೇ ಲೆಕ್ಕದಲ್ಲಿ ಚಿಕ್ಕಮ್ಮ ಮತ್ತು ಅವಳ ಅಕ್ಕನ ಮಗಳಿಗೆ 0.125.

ಹಂತ 9: ಗಡವರ ಪುಟ

ಗಂಡುಗಳಿಗೆ ಪ್ರತ್ಯೇಕ ಪುಟವಿರಲಿ: ಬಂದ ದಿನ, ಬಂದಾಗಿನ ಸ್ಥಾನ, ಹೋದ ದಿನ. ಹಿಂಡಿನಲ್ಲೇ ಹುಟ್ಟಿದ ಗಂಡುಗಳು ಬೆಳೆದ ಮೇಲೆ ಹಿಂಡು ಬದಲಿಸುತ್ತವೆ. ಆದ್ದರಿಂದ ಪಡ್ಡೆ ಗಂಡು ಒಂದು ವಾರ ಕಾಣದಿದ್ದರೆ "ಸತ್ತಿದೆ" ಎಂದು ಬರೆಯಬೇಡಿ, "ಕಾಣುತ್ತಿಲ್ಲ" ಎಂದಷ್ಟೇ ಬರೆಯಿರಿ. ಅಕ್ಕಪಕ್ಕದ ಹಿಂಡಿನ ಗಡವರ ಫೋಟೊ ಇಟ್ಟುಕೊಂಡಿದ್ದರೆ ಎಷ್ಟೋ ಸಲ ಅಲ್ಲೇ ಸಿಗುತ್ತದೆ.

ನಮ್ಮ ಕೋತಿಯ ಗಡವರು ಪರಸ್ಪರ ತಬ್ಬುವುದು, ಹೇನು ಹೆಕ್ಕುವುದು, ಮರಿಗಳಂತೆ ಗುದ್ದಾಡಿ ಆಡುವುದು ಇದೇ ಕುಲದ ಉಳಿದ ಮಕಾಕ್‌ಗಳಿಗಿಂತ ಹೆಚ್ಚು. ಅದನ್ನು ಕಂಡು ಅಣ್ಣತಮ್ಮಂದಿರೆಂದು ತೀರ್ಮಾನಿಸಬೇಡಿ. ಎಲ್ಲ ಹಿಂಡಿನಲ್ಲೂ ಹಲವು ಗಡವರು ಇರಲೇಬೇಕೆಂದೂ ಇಲ್ಲ. ಬಂಡೀಪುರ-ಮದುಮಲೆ ಭಾಗದಲ್ಲಿ ಒಬ್ಬನೇ ಗಡವನಿರುವ ಸಣ್ಣ ಹಿಂಡುಗಳನ್ನು ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು ವರದಿ ಮಾಡಿದ್ದಾರೆ.

ಹಂತ 10: ನಿಮ್ಮದು ಮುಸುವ ಅಥವಾ ಸಿಂಗಳೀಕದ ಹಿಂಡಾದರೆ

ಕಪ್ಪು ಮುಖ, ಬೂದು ಮೈ, ಉದ್ದ ಬಾಲದ ಮುಸುವನ ಹಿಂಡಿನಲ್ಲಿ ಬಹಳ ಕಡೆ ಒಬ್ಬನೇ ದೊಡ್ಡ ಗಂಡು ಇರುತ್ತಾನೆ, ಉಳಿದ ಗಂಡುಗಳು ಬೇರೆ ಗುಂಪು ಕಟ್ಟಿಕೊಂಡು ಅಲೆಯುತ್ತವೆ. ಹೊರಗಿನ ಗಂಡು ಹಿಂಡನ್ನು ವಶಮಾಡಿಕೊಂಡಾಗ ಹಾಲು ಕುಡಿಯುವ ಮರಿಗಳನ್ನು ಕೊಲ್ಲುವುದುಂಟು. ಇದು ಜಗತ್ತಿನ ಗಮನಕ್ಕೆ ಬಂದದ್ದೇ ನಮ್ಮ ಧಾರವಾಡದ ಸುತ್ತಲಿನ ಕಾಡಿನಿಂದ. 1960ರ ದಶಕದ ಆರಂಭದಲ್ಲಿ ಜಪಾನಿನ ಯುಕಿಮಾರು ಸುಗಿಯಾಮ ಅಲ್ಲಿ ಮುಸುವಗಳನ್ನು ಅಧ್ಯಯನ ಮಾಡಿದಾಗ. ಒಮ್ಮೆಗೇ ಹಲವು ಮರಿ ಕಾಣೆಯಾದರೆ ಮೊದಲು ಗಂಡು ಬದಲಾಗಿದೆಯೇ ನೋಡಿ. ಮುಸುವ ತಾಯಂದಿರು ಹುಟ್ಟಿದ ದಿನದಿಂದಲೇ ಮರಿಯನ್ನು ಬೇರೆಯವರಿಗೆ ಎತ್ತಿಕೊಳ್ಳಲು ಬಿಡುತ್ತಾರೆ, ಹಾಗಾಗಿ ಹಂತ 5ರ ಎಚ್ಚರ ಇಲ್ಲಿ ಇಮ್ಮಡಿ. ಹೆಣ್ಣುಗಳ ಸ್ಥಾನವೂ ಮಕಾಕ್‌ಗಳಷ್ಟು ತಾಯಿಯನ್ನು ಅನುಸರಿಸುವುದಿಲ್ಲ.

ಸಿಂಗಳೀಕವೂ ಮಕಾಕ್‌ ಜಾತಿಯೇ, ಹೆಣ್ಣುಗಳು ಹುಟ್ಟಿದ ಹಿಂಡಿನಲ್ಲೇ ಉಳಿಯುತ್ತವೆ. ಆದರೆ ದಟ್ಟ ಮಳೆಕಾಡಿನ ಮೇಲ್ಚಾವಣಿಯಲ್ಲಿ ಬದುಕುವ, ಅಳಿವಿನ ಅಂಚಿನ ಪ್ರಾಣಿ ಅದು. ಹವ್ಯಾಸಿಗಳು ಹಿಂಬಾಲಿಸುವುದು ಬೇಡ.

ಮೈಮೇಲೆ ಎಚ್ಚರವಿರಲಿ

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಮೊದಲಾದ ಮಲೆನಾಡಿನ ಕಡೆಯವರು ಮಂಗನ ಕಾಯಿಲೆಯನ್ನು ಮರೆಯಬೇಡಿ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಹರಡುವುದು ಉಣುಗುಗಳಿಂದ. ಚಳಿಗಾಲದಿಂದ ಬೇಸಿಗೆಯವರೆಗೆ ಅಪಾಯ ಹೆಚ್ಚು, ಅಂದರೆ ನಿಮ್ಮ ಹೆರಿಗೆ ದಾಖಲೆಯ ಕಾಲವೇ. ತರಗೆಲೆಯ ಮೇಲೆ ಕೂರಬೇಡಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಸತ್ತ ಕೋತಿ ಕಂಡರೆ ಹತ್ತಿರ ಹೋಗದೆ, ಗುರುತು ನೋಡುವ ಆಸೆಗೂ ಬಗ್ಗದೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅರಣ್ಯ ಇಲಾಖೆಗೂ ತಿಳಿಸಿ. ಕೋತಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. ನಿಮಗೆ ನೆಗಡಿ, ಜ್ವರ ಇದ್ದ ದಿನ ಹಿಂಡಿನ ಬಳಿ ಹೋಗಬೇಡಿ, ಮನುಷ್ಯರ ರೋಗ ಅವಕ್ಕೂ ಅಂಟುತ್ತದೆ.

ಹಂತ 11: ದಾಖಲೆ ಯಾರ ಕೈಗೆ ಸೇರಬೇಕು

ವರ್ಷಕ್ಕೊಮ್ಮೆ ಪುಸ್ತಕದ ಎಲ್ಲ ಪುಟಗಳ ಫೋಟೊ ತೆಗೆದು ಎರಡು ಕಡೆ ಉಳಿಸಿ. ಒಂದು ಪ್ರತಿಯನ್ನು ನಿಮ್ಮ ವಲಯ ಅರಣ್ಯಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕೋತಿ ಕಾಟವೆಂದು ದೂರು ಹೆಚ್ಚಿದ ಊರುಗಳಲ್ಲಿ ಹಿಡಿದು ಬೇರೆಡೆ ಬಿಡಬೇಕೆಂಬ ಒತ್ತಾಯ ಬರುತ್ತದೆ. ಬೋನಿಗೆ ಮೊದಲು ಬೀಳುವುದು ಧೈರ್ಯದ ಎಳೆಯವು ಮತ್ತು ಗಡವರು. ತಾಯಿ ಇಲ್ಲಿ, ಮರಿ ಅಲ್ಲಿ ಆಗುವುದು ಆಗಲೇ. ಹಾಲು ಕುಡಿಯುವ ಮರಿ ತಾಯಿಯಿಂದ ಬೇರೆಯಾದರೆ ಬದುಕುವುದು ಬಹಳ ಕಷ್ಟ. ತಾಯಂದಿರನ್ನು ಕಳೆದುಕೊಂಡ ಎಳೆಯ ಹೆಣ್ಣುಗಳಿಗೆ ಹಿಂಡಿನಲ್ಲಿ ಪರವಾಗಿ ನಿಲ್ಲುವವರಿರುವುದಿಲ್ಲ.

ಅಂಥ ಸುದ್ದಿ ಕಿವಿಗೆ ಬಿದ್ದ ದಿನವೇ ಒಂದು ಹಾಳೆ ಸಿದ್ಧಮಾಡಿ ಕಚೇರಿಗೆ ಒಯ್ಯಿರಿ. ಪ್ರತಿ ತಾಯಿಬಳ್ಳಿಗೆ ಒಂದು ಸಾಲು, ಪ್ರತಿ ಹೆಸರಿನ ಮುಂದೆ ಮುಖದ ಫೋಟೊ, ಈಗ ಹಾಲೂಡಿಸುತ್ತಿರುವ ತಾಯಂದಿರ ಹೆಸರಿನ ಕೆಳಗೆ ಕೆಂಪು ಗೆರೆ, ಪಕ್ಕದಲ್ಲಿ ಮರಿಯ ಹುಟ್ಟಿದ ದಿನಾಂಕ. ಬೋನಿನ ಬಳಿ ನಿಂತ ಸಿಬ್ಬಂದಿ ಒಂದು ನೋಟದಲ್ಲಿ ಓದುವಷ್ಟು ದೊಡ್ಡ ಅಕ್ಷರದಲ್ಲಿ ಬರೆಯಿರಿ.